ಹೊಸ್ತಿಲಾಚೆಯ ನಾಯಿ: ‘777 ಚಾರ್ಲಿ’ ಚಲನಚಿತ್ರ ಮತ್ತು ಜನಪದ ಕಥನದ ಆಶಯಗಳು

ಕನ್ನಡ ಜಾನಪದ ಅಧ್ಯಯನದಲ್ಲಿ ಪ್ರಾಣಿಲೋಕವನ್ನು ಕುರಿತು ನಡೆದಿರುವ ಚರ್ಚೆಯನ್ನು ಗಮನಿಸಿದರೆ, ಹಸು, ಹುಲಿ, ಹಾವುಗಳಿಗೆ ದೊರೆತಿರುವ ಸ್ಥಾನ ನಾಯಿಗೆ ದೊರೆತಿಲ್ಲವೆಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ. ಗೋವಿನ ಹಾಡು, ಹುಲಿವೇಷ, ನಾಗಾರಾಧನೆ ಇವುಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ನಾಯಿ ಮಾತ್ರ ಗಾದೆ ಸಂಕಲನಗಳ ‘ನ’ಕಾರದ ಪುಟಗಳಲ್ಲಿ ಸಾಲಾಗಿ ನಿಂತು ಬೈಸಿಕೊಳ್ಳುತ್ತದೆ. ಈ ಲೋಪಕ್ಕೆ ಪ್ರಸ್ತುತ ಲೇಖಕನೂ ಹೊರತಲ್ಲ. ಡಾಕ್ಟರೇಟ್ ಅಧ್ಯಯನದ ಅವಧಿಯಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಮಾಡುವಾಗ ಎಷ್ಟೋ ರಾತ್ರಿ ಕುರಿಮಂದೆಗಳ ಬಳಿ ತಂಗಿ ಹಾಡು, ಕತೆಗಳನ್ನು ಸಂಗ್ರಹಿಸಿದ್ದೇನೆ. ಆ ಟಿಪ್ಪಣಿ ಪುಸ್ತಕಗಳಲ್ಲಿ ಕುರಿಗಳ ಲೆಕ್ಕವಿದೆ, ಕಂಬಳಿಯ ಬೆಲೆಯಿದೆ, ಮಂದೆಯ ದೇವರ ಹೆಸರಿದೆ. ರಾತ್ರಿಯಿಡೀ ಕುರಿಗಳನ್ನೂ ನಮ್ಮನ್ನೂ ಕಾದ ನಾಯಿಗಳಲ್ಲಿ ಒಂದರ ಹೆಸರೂ ಇಲ್ಲ.

ಈ ಮರೆವಿನಿಂದ ಎಚ್ಚರಿಸಿದ್ದು, ಹೇಳಲು ಸ್ವಲ್ಪ ಸಂಕೋಚವಾದರೂ, ಒಂದು ಜನಪ್ರಿಯ ಚಲನಚಿತ್ರ. ಕಿರಣ್‌ರಾಜ್ ಕೆ. ಅವರ ನಿರ್ದೇಶನದ, ರಕ್ಷಿತ್ ಶೆಟ್ಟಿ ಅವರು ಮುಖ್ಯ ಪಾತ್ರದಲ್ಲಿದ್ದ ‘777 ಚಾರ್ಲಿ’ 2022ರ ಜೂನ್ 10ರಂದು ಕನ್ನಡದಲ್ಲಿಯೂ, ಡಬ್ ಆಗಿ ತೆಲುಗು, ತಮಿಳು, ಮಲಯಾಳಂ ಮತ್ತು ಹಿಂದಿಯಲ್ಲಿಯೂ ತೆರೆ ಕಂಡಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಚಿತ್ರ ನೋಡಿ, ಹಿಂದಿನ ವರ್ಷ ತೀರಿಕೊಂಡಿದ್ದ ತಮ್ಮ ಸಾಕುನಾಯಿಯನ್ನು ನೆನೆದು ಎಲ್ಲರೆದುರು ಕಣ್ಣೀರು ಹಾಕಿದರು. ರಾಜ್ಯ ಸರ್ಕಾರ ಚಿತ್ರಕ್ಕೆ ರಾಜ್ಯದ ಪಾಲಿನ ಜಿಎಸ್‌ಟಿಯಿಂದ ಆರು ತಿಂಗಳ ವಿನಾಯಿತಿ ಘೋಷಿಸಿತು. 2023ರಲ್ಲಿ ಪ್ರಕಟವಾದ 69ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. ನಾಯಿಯನ್ನು ಕೇಂದ್ರದಲ್ಲಿಟ್ಟ ಚಿತ್ರ ಕನ್ನಡಕ್ಕೆ ಹೊಸದೇನಲ್ಲ. ಎರಡು ವರ್ಷ ಮೊದಲೇ ಆಟೋ ಚಾಲಕನೊಬ್ಬ ಮತ್ತು ಅವನ ನಾಯಿಯ ಕತೆಯಾದ ‘ನಾನು ಮತ್ತು ಗುಂಡ’ (2020) ಬಂದಿತ್ತು. ಆದರೆ ಇಷ್ಟು ದೊಡ್ಡ ಪ್ರಮಾಣದಲ್ಲಿ, ಬಹಿರಂಗವಾಗಿ, ಗಂಡಸರು ನಾಯಿಗಾಗಿ ಅತ್ತದ್ದು ಹೊಸದು.

ಚಿಕ್ಕಬಳ್ಳಾಪುರದ ಚಿತ್ರಮಂದಿರವೊಂದರಲ್ಲಿ ಈ ಅಳುವನ್ನು ನಾನು ಕಣ್ಣಾರೆ ಕಂಡೆ. ಹೊರಗೆ ಬಂದವರ ಮಾತನ್ನು ಕೇಳುತ್ತ ನಿಂತಾಗ ಒಂದು ಸಂಗತಿ ಗಮನ ಸೆಳೆಯಿತು. ಕನ್ನಡ ವ್ಯಾಕರಣದಲ್ಲಿ ಪ್ರಾಣಿಗಳೆಲ್ಲ ನಪುಂಸಕಲಿಂಗ. ನಾಯಿ ಗಂಡಾಗಲಿ ಹೆಣ್ಣಾಗಲಿ ‘ಅದು’. ಒಳಗೆ ಹೋಗುವಾಗ ‘ಅದು ಯಾವ ಜಾತಿ ನಾಯಿ?’ ಎಂದು ಕೇಳಿಕೊಳ್ಳುತ್ತಿದ್ದ ಹುಡುಗರು ಹೊರಗೆ ಬರುವಾಗ ‘ಅವಳು ಸಾಯಬಾರದಾಗಿತ್ತು’ ಎನ್ನುತ್ತಿದ್ದರು. ಎರಡೂಮುಕ್ಕಾಲು ಗಂಟೆಯಲ್ಲಿ ಒಂದು ಸರ್ವನಾಮ ಬದಲಾಗಿತ್ತು. ನಾಯಿಯನ್ನು ಬೈಗುಳದ ಮೂಲದ್ರವ್ಯವಾಗಿ ಬಳಸುವ ಸಮುದಾಯವೊಂದು ಅದರ ಸಾವಿಗೆ ಅಳುವುದು ಹೇಗೆ ಸಾಧ್ಯವಾಯಿತು? ಚಿತ್ರದ ಭಾವುಕತೆ ಎಂದು ಹೇಳಿ ಮುಗಿಸುವುದು ಸುಲಭ. ಅನೇಕ ವಿಮರ್ಶಕರು ಹಾಗೆ ಮುಗಿಸಿದ್ದಾರೆ. ಈ ಚಿತ್ರ ತಾನು ಹೆಸರು ತೆಗೆದುಕೊಂಡ ಮಹಾಕಾವ್ಯವನ್ನು ಅನುಸರಿಸದೆ, ತನಗೆ ಅರಿವಿಲ್ಲದೆಯೇ ನಮ್ಮ ಅಜ್ಜಿಯರು ಹೇಳುವ ಕತೆಯೊಂದರ ಜಾಡನ್ನು ಹಿಡಿದಿದೆ, ಅದರ ಬಲವೂ ದೌರ್ಬಲ್ಯವೂ ಅಲ್ಲಿಯೇ ಇವೆ ಎಂಬುದು ನನ್ನ ಗ್ರಹಿಕೆ.

ಮೊದಲು ಕತೆಯನ್ನು ಸಂಕ್ಷಿಪ್ತವಾಗಿ ನೋಡಬಹುದು. ಬಾಲ್ಯದಲ್ಲಿ ಅಪಘಾತವೊಂದರಲ್ಲಿ ತಂದೆ, ತಾಯಿ, ತಂಗಿಯನ್ನು ಕಳೆದುಕೊಂಡ ಧರ್ಮ ಎಂಬ ಯುವಕ ಮೈಸೂರಿನಲ್ಲಿ ಕಾರ್ಖಾನೆಯ ಕೆಲಸ ಮಾಡಿಕೊಂಡು ಒಂಟಿಯಾಗಿದ್ದಾನೆ. ಇಡ್ಲಿ, ಸಿಗರೇಟು, ಬಿಯರು, ಜಗಳ ಮತ್ತು ದೂರದರ್ಶನದ ಪರದೆಯ ಮೇಲೆ ಚಾರ್ಲಿ ಚಾಪ್ಲಿನ್ — ಇಷ್ಟೇ ಅವನ ದಿನಚರಿ. ನಾಯಿಮರಿಗಳನ್ನು ಹುಟ್ಟಿಸಿ ಮಾರುವ ಕ್ರೂರ ದಂಧೆಯೊಂದರಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ತಳಿಯ ಹೆಣ್ಣುನಾಯಿ ಅವನ ಬಾಗಿಲಿಗೆ ಬರುತ್ತದೆ. ಅವನು ಓಡಿಸುತ್ತಾನೆ, ಅದು ಮತ್ತೆ ಬರುತ್ತದೆ. ಅಪಘಾತಕ್ಕೆ ಸಿಕ್ಕ ಅದನ್ನು ಆಸ್ಪತ್ರೆಗೆ ಒಯ್ಯುವಲ್ಲಿಂದ ನಂಟು ಬೆಳೆಯುತ್ತದೆ. ಮುಂದೆ ಅದಕ್ಕೆ ವಾಸಿಯಾಗದ ಕ್ಯಾನ್ಸರ್ ಇರುವುದು, ಹತ್ತಿರದ ರಕ್ತಸಂಬಂಧದೊಳಗೇ ತಳಿ ಕೂಡಿಸಿದ್ದು ಅದರ ಕಾರಣವೆಂಬುದು ತಿಳಿಯುತ್ತದೆ. ಹಿಮವನ್ನು ಕಂಡರೆ ನಾಯಿಗೆ ಸಂತೋಷವೆಂದು ಅರಿತ ಧರ್ಮ ಪಕ್ಕದ ತೊಟ್ಟಿಲುಗಾಡಿ ಕಟ್ಟಿದ ಮೋಟಾರ್ ಸೈಕಲಿನಲ್ಲಿ ಅದನ್ನು ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಾನೆ. ಹಿಮದ ನಾಡಿನಲ್ಲಿ ನಾಯಿ ಸಾಯುತ್ತದೆ. ಅದರ ಮರಿಯೊಂದು ಅವನ ಕೈಯಲ್ಲಿ ಉಳಿಯುತ್ತದೆ.

ಗಾದೆಗಳ ನಾಯಿಯನ್ನು ಇಲ್ಲಿ ನೆನೆಯಬೇಕು. ನಮ್ಮ ಸೀಮೆಯ ಜನ ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ‘ನಾಯಿ ಬಾಲ ಡೊಂಕು’ ಎಂದವರೇ ಮರುಗಳಿಗೆ ‘ಕುಕ್ಕ ತೋಕ ವಂಕರ’ ಎನ್ನುತ್ತಾರೆ. ‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ’ ಎಂಬುದೂ, ‘ನಾಯಿಪಾಡು’, ‘ನಾಯಿಬುದ್ಧಿ’ ಎಂಬ ಮಾತುಗಳೂ ದಿನಬಳಕೆಯವು. ಈ ಗಾದೆಗಳೆಲ್ಲ ನಿಜವಾಗಿ ನಾಯಿಯನ್ನು ಕುರಿತವಲ್ಲ. ಮನುಷ್ಯನನ್ನು ಹೀಯಾಳಿಸಲು ನಾಯಿಯನ್ನು ಎರವಲು ಪಡೆದವು. ಆದರೆ ಅದೇ ಜನ ‘ಒಂದು ತುತ್ತು ಹಾಕಿದರೆ ಅದು ನೆನೆಸಿಕೊಳ್ಳುತ್ತೆ, ಮನುಷ್ಯ ನೆನೆಸಿಕೊಳ್ಳಲ್ಲ’ ಎಂದೂ ಹೇಳುತ್ತಾರೆ. ಅನ್ನದ ಋಣ ಎಂಬ ಕಲ್ಪನೆ ಬಂದೊಡನೆ ನಾಯಿಯ ಸ್ಥಾನ ತಟ್ಟನೆ ಮೇಲೇರುತ್ತದೆ. ಹಳ್ಳಿಯ ಮನೆಯಲ್ಲಿ ನಾಯಿಗೆ ಇರುವ ಜಾಗವೂ ಈ ಇಬ್ಬಗೆಯನ್ನೇ ತೋರಿಸುತ್ತದೆ. ಅದು ಜಗಲಿಯ ಕೆಳಗೆ, ಕೊಟ್ಟಿಗೆಯ ಬಾಯಲ್ಲಿ, ತಿಪ್ಪೆಯ ಮಗ್ಗುಲಲ್ಲಿ ಇರುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಸಾಕುವ ಮನೆಗಳಲ್ಲಂತೂ ಹುಳುಮನೆಯ ಹತ್ತಿರಕ್ಕೂ ನಾಯಿಯನ್ನು ಬಿಡುವುದಿಲ್ಲ; ಅಂಗಳದಲ್ಲಿ ಗೂಡು ತುಂಬಿದ ಚಂದ್ರಿಕೆಗಳಿದ್ದರೆ ರಾತ್ರಿ ಕಾಯುವುದು ಮಾತ್ರ ಅದೇ. ಎಲ್ಲರೂ ಉಂಡಾದ ಮೇಲೆ ಉಳಿದ ಮುದ್ದೆ ಅದಕ್ಕೆ. ಕರಿಯ, ಕೆಂಪ, ಬೂದ ಎಂದು ಬಣ್ಣವೇ ಹೆಸರು. ಮನೆಯದ್ದೇ, ಆದರೆ ಮನೆಯೊಳಗಿನದಲ್ಲ.

ಹೊಸ್ತಿಲಿನಾಚೆಗಿನ ಈ ಪ್ರಾಣಿಯನ್ನು ಒಳಗೆ ತರುವುದೇ ಚಿತ್ರದ ಮೊದಲರ್ಧದ ವಸ್ತು. ಬಾಗಿಲು ಮುಚ್ಚುವುದು, ತೆರೆಯುವುದು, ಓಡಿಸುವುದು, ಹುಡುಕಿಕೊಂಡು ಹೋಗುವುದು ಇವು ಮತ್ತೆ ಮತ್ತೆ ಬರುತ್ತವೆ. ಮನೆಯ ಸಾಮಾನು ಹಾಳಾಗುತ್ತದೆ, ನೆರೆಯವರ ದೂರು ಬರುತ್ತದೆ. ಇಲ್ಲಿ ನಾಯಿ ನಾಯಿಯಂತೆಯೇ ನಡೆದುಕೊಳ್ಳುತ್ತದೆ. ಹಿಂದಿಯ ‘ತೇರಿ ಮೆಹರ್ಬಾನಿಯಾಂ’ (1985) ಚಿತ್ರದಲ್ಲಿ ಒಡೆಯನ ಕೊಲೆಗೆ ಸೇಡು ತೀರಿಸಿಕೊಳ್ಳುವ ನಾಯಿಯನ್ನು ನೋಡಿ ಬೆಳೆದ ನಮ್ಮ ತಲೆಮಾರಿಗೆ ಇದು ದೊಡ್ಡ ಬಿಡುಗಡೆ. ಚಾರ್ಲಿ ಯಾರನ್ನೂ ಕೊಲ್ಲುವುದಿಲ್ಲ, ಯಾರ ಪರವಾಗಿಯೂ ಹೋರಾಡುವುದಿಲ್ಲ. ಸುಮ್ಮನೆ ಬರುತ್ತದೆ, ಇರುತ್ತದೆ.

ಇನ್ನು ನಾಯಕನ ಹೆಸರು. ಧರ್ಮ, ನಾಯಿ, ಹಿಮಾಲಯದ ಕಡೆಗಿನ ಕೊನೆಯ ಪ್ರಯಾಣ — ಈ ಮೂರು ಒಟ್ಟಿಗೆ ಬಂದ ಮೇಲೆ ಮಹಾಪ್ರಸ್ಥಾನವನ್ನು ನೆನೆಯದಿರಲು ಸಾಧ್ಯವಿಲ್ಲ. ನಿರ್ದೇಶಕರೂ ಅದನ್ನು ಬಲ್ಲರೆಂದೇ ತೋರುತ್ತದೆ. ಈ ಸೀಮೆಯಲ್ಲಿ ಆ ಹೆಸರಿಗೆ ಬೇರೆಯದೇ ಆದ ತೂಕವಿದೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಪಾಂಡವರು ತಲೆಮರೆಸಿಕೊಂಡಿದ್ದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲಿಯೇ ಎಂದು ಜನ ನಂಬುತ್ತಾರೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಅರಳಿಮರವನ್ನು ನೆಟ್ಟವನು ವಿದುರ. ಅಂದರೆ ಭಾರತ ಇಲ್ಲಿ ಪುಸ್ತಕವಲ್ಲ, ಊರ ಹಾದಿ. ಹಲವು ಊರುಗಳಲ್ಲಿ ಧರ್ಮರಾಯ ದೇವರಾಗಿ ಪೂಜೆಗೊಳ್ಳುತ್ತಾನೆ, ಕರಗ ನಡೆಯುತ್ತದೆ.

ಕರಗದ ಐತಿಹ್ಯ ಆರಂಭವಾಗುವುದು ಇದೇ ಸ್ವರ್ಗಾರೋಹಣದ ಹಾದಿಯಲ್ಲಿ. ಪಾಂಡವರು ಮುಂದೆ ನಡೆದುಹೋದಾಗ ಹಿಂದೆ ಉಳಿದ ದ್ರೌಪದಿ, ಎದುರಾದ ತಿಮಿರಾಸುರನನ್ನು ಎದುರಿಸಲು ವೀರಕುಮಾರರನ್ನು ಸೃಷ್ಟಿಸುತ್ತಾಳೆ. ಶಿಷ್ಟ ಕಾವ್ಯ ಬಿದ್ದವಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಜನಪದರು ಬಿದ್ದವಳ ಬಳಿಯೇ ನಿಂತು ಅವಳನ್ನು ಹೊತ್ತು ಮೆರೆಸುತ್ತಾರೆ. ಆದರೆ ಅದೇ ಹಾದಿಯಲ್ಲಿ ಧರ್ಮರಾಯನ ಹಿಂದೆ ಕೊನೆಯವರೆಗೂ ನಡೆದ ನಾಯಿಗೆ ಈ ಆಚರಣೆಯಲ್ಲಿ ಸ್ಥಾನವಿಲ್ಲ. ಗದಾಪರ್ವಕ್ಕೆ ನಿಲ್ಲುವ ಕುಮಾರವ್ಯಾಸನ ಭಾರತದಲ್ಲಿ ಆ ಪ್ರಸಂಗವೇ ಬರುವುದಿಲ್ಲ. ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿ ಪೂರೈಸಿದರೂ ಊರ ಗಮಕದ ಕಟ್ಟೆಯಲ್ಲಿ ಕೇಳಿದ್ದು ಹೆಚ್ಚಾಗಿ ಕುಮಾರವ್ಯಾಸನೇ. ಹೀಗಾಗಿ ಧರ್ಮರಾಯನ ನಾಯಿ ನಮ್ಮವರ ನೆನಪಿನಲ್ಲಿ ಉಳಿದಿರುವುದು ಕೇಳಿಕೆಯ ಆಟಗಳಿಂದ, ಹಿರಿಯರ ಬಾಯಿಮಾತಿನಿಂದ.

ಸಂಸ್ಕೃತ ಭಾರತದಲ್ಲಿ ಕತೆ ಆರಂಭವಾಗುವ ಮೊದಲೇ ಒಂದು ನಾಯಿ ಪೆಟ್ಟು ತಿನ್ನುತ್ತದೆ. ಜನಮೇಜಯನ ಯಜ್ಞದಲ್ಲಿ ಏನೂ ತಪ್ಪು ಮಾಡದ ಮರಿಯನ್ನು ಅವನ ತಮ್ಮಂದಿರು ಹೊಡೆಯುತ್ತಾರೆ, ತಾಯಿ ಸರಮೆ ಬಂದು ಶಪಿಸುತ್ತಾಳೆ. ಕೊನೆಯಲ್ಲಿ ಮತ್ತೊಂದು ನಾಯಿ ಬರುತ್ತದೆ. ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದು ಯುಧಿಷ್ಠಿರ ಇಂದ್ರನಿಗೆ ಹೇಳುತ್ತಾನೆ. ಒಡನೆಯೇ ನಾಯಿ ಮಾಯವಾಗಿ ಧರ್ಮದೇವತೆ ಕಾಣಿಸಿಕೊಳ್ಳುತ್ತಾನೆ. ಅದು ಪರೀಕ್ಷೆಯಾಗಿತ್ತು. ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಒಂದು ಅತೃಪ್ತಿ ಉಳಿಯುತ್ತದೆ. ಯುಧಿಷ್ಠಿರನ ಕರುಣೆ ದೊಡ್ಡದು, ಸರಿ. ಆದರೆ ಆ ಕರುಣೆಯನ್ನು ಪಡೆಯಲು ಅಲ್ಲಿ ನಾಯಿಯೇ ಇರಲಿಲ್ಲ. ನಾಯಿಯನ್ನು ಗೌರವಿಸಲು ಅದನ್ನು ದೇವರಾಗಿಸಬೇಕಾಯಿತು.

ಚಿತ್ರದಲ್ಲಿ ಚಾರ್ಲಿ ಏನೂ ಆಗಿ ಬದಲಾಗುವುದಿಲ್ಲ. ಹಿಮದಲ್ಲಿ ನಾಯಿಯಾಗಿಯೇ ಸಾಯುತ್ತದೆ. ಹೆಸರನ್ನು ಮಹಾಕಾವ್ಯದಿಂದ ತಂದರೂ ಮುಕ್ತಾಯವನ್ನು ಅಲ್ಲಿಂದ ತರಲಿಲ್ಲ ಎಂಬುದೇ ಈ ಚಿತ್ರದ ಅತಿ ಮುಖ್ಯ ತೀರ್ಮಾನ. ಆ ಮುಕ್ತಾಯಕ್ಕೆ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಪೂರ್ವಿಕವೊಂದಿದೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಶಕ 872ರ, ಎಂದರೆ ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ನಡೆಸಿದ ಯುದ್ಧಕ್ಕೆ ಇದು ಮಹತ್ವದ ಆಧಾರ. ಪಠ್ಯಪುಸ್ತಕಗಳು ಅದನ್ನು ಉದಾಹರಿಸುವುದು ಇದಕ್ಕಾಗಿಯೇ. ಆದರೆ ಕಲ್ಲು ನೆಟ್ಟದ್ದು ಯುದ್ಧಕ್ಕಾಗಿ ಅಲ್ಲ, ಕಾಳಿ ಎಂಬ ನಾಯಿಗಾಗಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದನ್ನು ಕೇಳು ಎಂದಾಗ, ಅವನು ಕೇಳಿದ್ದು ಊರನ್ನಲ್ಲ, ಬೂತುಗನ ಬಳಿಯಿದ್ದ ಕಾಳಿಯನ್ನು. ಮುಂದೆ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಚೆಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಟ್ಟು ಭೂಮಿ ದತ್ತಿ ಬಿಡಲಾಯಿತು. ಕಲ್ಲಿನ ಮೇಲ್ಭಾಗದಲ್ಲಿ ಹಂದಿಯೊಡನೆ ಸೆಣಸುವ ನಾಯಿಯ ಉಬ್ಬುಶಿಲ್ಪವಿದೆ. ಅಲ್ಲಿನ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂಬ ಎಚ್ಚರಿಕೆಯೂ ಉಂಟು.

ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966), ಆರ್. ಶೇಷಶಾಸ್ತ್ರಿ ಅವರ ‘ಕರ್ನಾಟಕದ ವೀರಗಲ್ಲುಗಳು’ (1982) ಮೊದಲಾದ ಕೃತಿಗಳ ತರುವಾಯ ಸ್ಮಾರಕಶಿಲೆಗಳ ಅಧ್ಯಯನ ಬಹಳ ಬೆಳೆದಿದೆ. ಜಾನಪದದ ದೃಷ್ಟಿಯಿಂದ ನನಗೆ ಇಲ್ಲಿ ಕಾಣುವುದು ಗೊರವನ ಮೇಲಿನ ಆ ಕಟ್ಟಳೆ. ಮೊದಲು ನಾಯಿಯ ಕಲ್ಲಿಗೆ ಪೂಜೆ, ಆಮೇಲೆ ಮನುಷ್ಯನ ಊಟ. ಹಳ್ಳಿಯ ಮನೆಯಲ್ಲಿ ನಾಯಿಗೆ ಕೊನೆಯ ಮುದ್ದೆಯಾದರೆ ಆತಕೂರಿನಲ್ಲಿ ಸತ್ತ ನಾಯಿಗೆ ಮೊದಲ ಗೌರವ. ಶಾಸನದ ಗೊರವನೂ ಇಂದಿನ ಗೊರವಯ್ಯನೂ ಒಂದೇ ಎಂದು ಹೇಳುವ ಅವಸರ ಬೇಡ. ಆದರೂ ಇಂದು ಆ ಹೆಸರಿನಿಂದ ಕರೆಸಿಕೊಳ್ಳುವ ಮೈಲಾರಲಿಂಗನ ಭಕ್ತರು, ಕರಡಿ ಕೂದಲಿನ ಟೋಪಿ ತೊಟ್ಟು ಡಮರುಗ ಹಿಡಿದವರು, ದೋಣಿಸೇವೆಯ ಹೊತ್ತಿನಲ್ಲಿ ತಾವೇ ಮೈಲಾರನ ನಾಯಿಗಳಾಗಿ ಬೊಗಳುತ್ತ ದೋಣಿಗೆ ಬಾಯಿಟ್ಟು ಹಾಲುಹಣ್ಣು ತಿನ್ನುವುದನ್ನು ನೋಡಿದವರಿಗೆ ಈ ನೆಂಟಸ್ತಿಕೆ ಕೇವಲ ಕಾಕತಾಳೀಯವೆನಿಸದು. ಬೈಗುಳದಲ್ಲಿ ಮನುಷ್ಯನನ್ನು ಕೆಳಗಿಳಿಸುವ ಪದವೇ ಆಚರಣೆಯಲ್ಲಿ ಅವನನ್ನು ದೇವರ ಪರಿವಾರಕ್ಕೆ ಸೇರಿಸುತ್ತದೆ.

ಆದರೆ ಕಾಳಿಗೂ ಚಾರ್ಲಿಗೂ ಒಂದು ದೊಡ್ಡ ಅಂತರವಿದೆ. ಕಾಳಿ ಏನೋ ಮಾಡಿದ ನಾಯಿ. ಅದರ ಕಲ್ಲು ವೀರಗಲ್ಲು. ಚಾರ್ಲಿ ಏನನ್ನೂ ಮಾಡದ, ರೋಗಪೀಡಿತ, ದುರ್ಬಲ ಪ್ರಾಣಿ. ಅದಕ್ಕೆ ಗೌರವ ಸಿಗುವುದು ಯಾವ ಲೆಕ್ಕದಿಂದ? ಈ ಪ್ರಶ್ನೆಗೆ ಉತ್ತರ ಶಾಸನದಲ್ಲಿಲ್ಲ, ಕತೆಯಲ್ಲಿದೆ.

ಶಿಡ್ಲಘಟ್ಟದ ಸಮೀಪದ ಹಳ್ಳಿಯೊಂದರಲ್ಲಿ ಬಹಳ ವರ್ಷಗಳ ಹಿಂದೆ ನೂಲು ಬಿಚ್ಚುವ ಕೆಲಸದ ಅಜ್ಜಿಯೊಬ್ಬರಿಂದ ನಾನು ದಾಖಲಿಸಿಕೊಂಡ ಕತೆ ಹೀಗಿದೆ. ಹೆಣ್ಣುನಾಯಿಯೊಂದು ಇಬ್ಬರು ಹೆಣ್ಣುಮಕ್ಕಳನ್ನು ಹೆರುತ್ತದೆ. ಮನುಷ್ಯರೂಪದ ಆ ಮಕ್ಕಳು ಬೆಳೆದು ಇಬ್ಬರು ಅರಸರನ್ನು ಮದುವೆಯಾಗುತ್ತಾರೆ. ಮುದಿಯಾದ ತಾಯಿ ಮಕ್ಕಳನ್ನು ನೋಡಲು ಹೊರಡುತ್ತದೆ. ಒಬ್ಬಳು ‘ನಾಯಿಯ ಮಗಳು’ ಎಂದು ಗೊತ್ತಾದರೆ ಮಾನ ಹೋದೀತೆಂದು ಹೊಡೆಸಿ ಅಟ್ಟುತ್ತಾಳೆ. ಇನ್ನೊಬ್ಬಳು ಒಳಕೋಣೆಯಲ್ಲಿಟ್ಟುಕೊಂಡು ಹಾಲನ್ನ ಹಾಕಿ ಸಾಕುತ್ತಾಳೆ. ತಾಯಿ ಅಲ್ಲೇ ಸಾಯುತ್ತದೆ. ಹೆಣವನ್ನು ಏನು ಮಾಡಲೂ ತೋಚದೆ ಮಗಳು ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾಳೆ. ಗಂಡ ತೆಗೆದು ನೋಡಿದರೆ ಪೆಟ್ಟಿಗೆಯ ತುಂಬ ಬಂಗಾರ. ಅದನ್ನು ಕೇಳಿದ ಮೊದಲನೆಯವಳು ಸಿಕ್ಕ ನಾಯಿಯನ್ನು ಹೊಡೆದು ಕೊಂದು ಪೆಟ್ಟಿಗೆಗೆ ಹಾಕುತ್ತಾಳೆ. ಸಿಗುವುದು ಕೊಳೆತ ಹೆಣ. ಈ ಕತೆಯ ಪಾಠಾಂತರಗಳು ಕರ್ನಾಟಕದ ಬೇರೆ ಕಡೆಗಳಲ್ಲಿಯೂ ದೊರೆಯುತ್ತವೆ. ಅಂದು ನಾನು ಇದನ್ನು ‘ದಯೆ ಮತ್ತು ದುರಾಸೆ’ ಎಂಬ ಆಶಯದ ಕೆಳಗೆ ವರ್ಗೀಕರಿಸಿ ಮುಂದಕ್ಕೆ ಹೋಗಿದ್ದೆ. ವರ್ಗೀಕರಣ ತಪ್ಪಲ್ಲ, ಆದರೆ ಕತೆಯ ಎದೆ ಅಲ್ಲಿಲ್ಲ. ಎದೆಯಿರುವುದು ಹೊಸ್ತಿಲಲ್ಲಿ. ಬಾಗಿಲಿಗೆ ಬಂದ ನಾಯಿಯನ್ನು ತನ್ನ ಹುಟ್ಟಿನ ಮೂಲವೆಂದು ಒಪ್ಪಿಕೊಳ್ಳುವುದೋ, ನಾಚಿ ಓಡಿಸುವುದೋ ಎಂಬ ಗಳಿಗೆಯಲ್ಲಿ.

ಈಗ ಚಿತ್ರವನ್ನು ಈ ಕತೆಯ ಪಕ್ಕದಲ್ಲಿಟ್ಟು ನೋಡಬ�ುದು. ನಾಯಿ ಬಾಗಿಲಿಗೆ ಬರುತ್ತದೆ, ಮೊದಲು ನಿರಾಕರಣೆ, ಬಳಿಕ ಸ್ವೀಕಾರ, ಸೇವೆ, ಸಾವು, ಸತ್ತ ಒಡಲಿನಿಂದ ನಿಧಿ. ಕತೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ಹಂಚಿದ ಎರಡು ನಡೆಗಳನ್ನು ಚಿತ್ರ ಒಬ್ಬ ಗಂಡಸಿನಲ್ಲಿಯೇ ಒಂದರ ನಂತರ ಒಂದಾಗಿ ಇಟ್ಟಿದೆ. ಓಡಿಸಿದವನೂ ಧರ್ಮನೇ, ಹಾಲನ್ನವಿಟ್ಟವನೂ ಧರ್ಮನೇ. ಬಂಗಾರದ ಬದಲು ಮರಿ. ಕುಟುಂಬವನ್ನು ಕಳೆದುಕೊಂಡವನಿಗೆ ನಾಯಿ ಹೆಂಡತಿಯ, ಮಗುವಿನ ಬದಲಿಯಾಗಿ ಬಂದಿತೆಂದು ಚಿತ್ರದ ಮೇಲ್ಪದರ ಹೇಳುತ್ತದೆ. ಅದರ ಒಳಪದರದಲ್ಲಿ ನಾಯಿ ಬರುವುದು ತಾಯಿಯಾಗಿ. ಅವನನ್ನು ಮತ್ತೆ ಊಟಕ್ಕೆ, ಮಾತಿಗೆ, ನೆರೆಹೊರೆಗೆ ಹುಟ್ಟಿಸುವುದು ಅದೇ. ಆದ್ದರಿಂದಲೇ ಕೊನೆಯ ಪ್ರಯಾಣ ಸಾಕಿದವನ ಔದಾರ್ಯದಂತೆ ಕಾಣದೆ ಮಗನೊಬ್ಬ ಮುದಿತಾಯಿಯನ್ನು ಯಾತ್ರೆಗೆ ಕರೆದೊಯ್ದಂತೆ ಕಾಣುತ್ತದೆ. ಕಾಶಿಗೆ ಕರೆದೊಯ್ಯಲಾಗದ ತಾಯಿಯನ್ನು ನೆನೆದು ಗಂಡಸರು ಚಿತ್ರಮಂದಿರದಲ್ಲಿ ಅತ್ತರೇನೋ ಎಂದು ನನಗೆ ಅನ್ನಿಸಿದ್ದುಂಟು. ಇದನ್ನು ಸಾಧಿಸಿ ತೋರಿಸಲಾರೆ, ಬಿಡುವುದಕ್ಕೂ ಮನಸ್ಸಿಲ್ಲ.

ಇಷ್ಟರಮಟ್ಟಿಗೆ ಚಿತ್ರದ ಗೆಲುವು. ಅದು ಎಡವಿರುವುದೂ ಈ ಕತೆಯ ಹಾದಿ ಬಿಟ್ಟಲ್ಲಿಯೇ. ಪ್ರಯಾಣದ ಭಾಗ ಅತಿಯಾಗಿ ಬೆಳೆದಿದೆ. ದಾರಿಯಲ್ಲಿ ಎದುರಾಗುವವರೆಲ್ಲ ಒಳ್ಳೆಯವರು, ನೋಟಗಳೆಲ್ಲ ರಮ್ಯ. ನಾಯಿಗಳ ಸ್ಪರ್ಧೆಯ ಪ್ರಸಂಗವಂತೂ ಚಾರ್ಲಿಗೆ ಇಲ್ಲದ ಸಾಹಸವನ್ನು ಅಂಟಿಸುವ ಪ್ರಯತ್ನ. ಏನನ್ನೂ ಮಾಡದೆಯೇ ಪ್ರೀತಿಗೆ ಅರ್ಹವಾದ ಪ್ರಾಣಿಯನ್ನು ಕಷ್ಟಪಟ್ಟು ಕಟ್ಟಿದ ಚಿತ್ರಕ್ಕೆ ತನ್ನ ಸಾಧನೆಯ ಮೇಲೆಯೇ ನಂಬಿಕೆ ಸಾಲದಾಯಿತು. ಅಲ್ಲಲ್ಲಿ ಹಿನ್ನೆಲೆ ಸಂಗೀತ ನಮ್ಮ ಪರವಾಗಿ ಮೊದಲೇ ಅತ್ತುಬಿಡುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ತಳಿಯ ಪ್ರಶ್ನೆಗೆ ಸಂಬಂಧಿಸಿದ್ದು. ಕನ್ನಡದಲ್ಲಿ ನಾವು ‘ಜಾತಿ ನಾಯಿ’ ಎನ್ನುತ್ತೇವೆ. ಉಳಿದವು ‘ಬೀದಿ ನಾಯಿ’, ‘ಊರ ನಾಯಿ’. ಈ ಪದ ಆಕಸ್ಮಿಕವಲ್ಲ. ರಕ್ತದ ಶುದ್ಧಿಗೆ ಬೆಲೆ ಕಟ್ಟುವ ಸಮಾಜ ತನ್ನ ಮಾತನ್ನೇ ನಾಯಿಗೂ ತೊಡಿಸಿದೆ. ಚಾರ್ಲಿಯ ರೋಗಕ್ಕೆ ಕಾರಣ ಆ ಶುದ್ಧಿಯೇ ಎಂದು ಚಿತ್ರ ಸ್ಪಷ್ಟವಾಗಿ ಹೇಳುತ್ತದೆ. ಒಂದೇ ರಕ್ತದೊಳಗೆ ಕೂಡಿಸಿ ಕೂಡಿಸಿ ಹುಟ್ಟಿಸಿದ ಚಂದದ ಪ್ರಾಣಿಯ ರಕ್ತನಾಳದಲ್ಲಿಯೇ ಸಾವು ಕಟ್ಟಿಕೊಂಡಿದೆ. ಜಾತಿಯ ಶುದ್ಧಿ ಜೀವವನ್ನು ತಿನ್ನುತ್ತದೆಂದು ಇದಕ್ಕಿಂತ ನೇರವಾಗಿ ಹೇಳುವ ರೂಪಕ ಕನ್ನಡ ಚಿತ್ರಕ್ಕೆ ಸಿಗುವುದು ಅಪರೂಪ. ಕೈಗೆ ಬಂದ ಈ ರೂಪಕವನ್ನು ಚಿತ್ರ ಒಬ್ಬ ಕ್ರೂರ ವ್ಯಾಪಾರಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತದೆ. ಅವನು ಸಿಕ್ಕಿಬಿದ್ದರೆ ಸಮಸ್ಯೆ ಮುಗಿಯಿತು. ಅಂಥ ಮರಿಗಳನ್ನು ದುಡ್ಡು ಕೊಟ್ಟು ಕೊಳ್ಳುವ ಮನೆಗಳ ಕಡೆಗೆ, ಎಂದರೆ ಪ್ರೇಕ್ಷಕರಾದ ನಮ್ಮ ಕಡೆಗೆ, ಅದು ಗಟ್ಟಿಯಾಗಿ ತಿರುಗಿ ನೋಡುವುದಿಲ್ಲ.

ಗೌರಿಬಿದನೂರು ತಾಲ್ಲೂಕಿನ ತಮಟೆ ಕಲಾವಿದರೊಬ್ಬರ ಜೊತೆ ಈ ಚಿತ್ರವನ್ನು ಕುರಿತು ಮಾತನಾಡಿದಾಗ ಅವರು ಹೇಳಿದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ: ‘ನಾನೂ ಅತ್ತೆ ಸಾರ್. ಆದ್ರೆ ನಮ್ ತಾತನ್ ಕಾಲದಾಗೆ ಊರೊಳಗಿನ ಬಾವಿ ಕಟ್ಟೆ ಮೇಲೆ ನಾಯಿ ಮಲಗ್ತಿತ್ತಂತೆ, ನಮ್ಮೋರು ದೂರ ನಿಂತು ನೀರು ಹುಯ್ಯಿಸ್ಕೋಬೇಕಿತ್ತಂತೆ. ಅತ್ತು ಹೊರಗೆ ಬಂದ್ ಮೇಲೆ ಅದೇ ನೆಪ್ಪಿಗೆ ಬಂತು.’ 1927ರಲ್ಲಿ ಮಹಾಡದ ಚೌದಾರ್ ಕೆರೆಯ ಸತ್ಯಾಗ್ರಹದ ಹಿಂದಿದ್ದ ಪ್ರಶ್ನೆಯೂ ಇದೇ ಆಗಿತ್ತು: ಪ್ರಾಣಿಗಳು ಕುಡಿಯಬಹುದಾದ ನೀರನ್ನು ಮನುಷ್ಯರು ಮುಟ್ಟಬಾರದೇಕೆ? ಅವರ ಮಾತಿನಲ್ಲಿ ನಾಯಿಯ ಬಗ್ಗೆ ದ್ವೇಷವಿರಲಿಲ್ಲ. ಅವರ ಮನೆಯಲ್ಲಿಯೂ ಕೆಂಪ ಎಂಬ ನಾಯಿಯಿತ್ತು. ನಾವು ಮಾತಾಡುವಷ್ಟು ಹೊತ್ತೂ ಅದು ಅವರ ಕಾಲಬುಡದಲ್ಲೇ ಮಲಗಿತ್ತು. ಕರುಣೆ ಯಾರನ್ನು ಮೊದಲು ಮುಟ್ಟುತ್ತದೆ, ಯಾರನ್ನು ದಾಟಿ ಹೋಗುತ್ತದೆ ಎಂಬುದು ಅವರ ಪ್ರಶ್ನೆ. ಕುಟುಂಬ ಚಿತ್ರವೊಂದು ಇದಕ್ಕೆಲ್ಲ ಉತ್ತರ ಹೇಳಬೇಕೆಂದು ಬಯಸುವುದು ಅತಿಯಾದೀತು. ಆದರೆ ಈ ಚಿತ್ರವನ್ನು ‘ಮಾನವೀಯತೆಯ ಮಹಾಕಾವ್ಯ’ ಎಂದು ಹೊಗಳುವವರು ಆ ಬಾವಿಕಟ್ಟೆಯ ಮೇಲೆ ಒಂದು ಗಳಿಗೆ ಕೂತು ಬರುವುದು ಒಳ್ಳೆಯದು.

ಊರ ನಾಯಿಯ ಸ್ಥಿತಿಯೂ ಚಿತ್ರದ ಹೊರಗೇ ಉಳಿದಿದೆ. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ದೆಹಲಿ ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಲ್ಲಿಡಬೇಕೆಂದು ಹೇಳಿ, ಅದೇ 22ರಂದು ಆ ಆದೇಶವನ್ನು ಮಾರ್ಪಡಿಸಿದಾಗ ನಮ್ಮ ಜಿಲ್ಲೆಯ ಚಹಾ ಅಂಗಡಿಗಳಲ್ಲಿಯೂ ಅದೇ ಮಾತು. ಮಗುವಿಗೆ ನಾಯಿ ಕಚ್ಚಿಸಿಕೊಂಡು ಆಸ್ಪತ್ರೆಗೆ ಅಲೆದ ತಂದೆಯೂ, ಬೀದಿನಾಯಿಗೆ ದಿನಾ ಬಿಸ್ಕತ್ತು ಹಾಕುವ ಯುವಕನೂ ಒಂದೇ ಬೆಂಚಿನ ಮೇಲೆ ಕೂತು ವಾದಿಸುತ್ತಿದ್ದುದನ್ನು ನೋಡಿದ್ದೇನೆ. ಇಬ್ಬರೂ ‘ಚಾರ್ಲಿ’ ನೋಡಿದ್ದರು. ಆ ಚಿತ್ರ ಅವರ ವಾದಕ್ಕೆ ಯಾವ ನೆರವನ್ನೂ ಕೊಡಲಿಲ್ಲ, ಏಕೆಂದರೆ ಅದರಲ್ಲಿ ಕಚ್ಚುವ ನಾಯಿ ಇಲ್ಲ. ಗಾದೆಯ ನಾಯಿಯನ್ನು ಪೂರ್ತಿ ಹೊರಗಿಟ್ಟು ಕತೆಯ ನಾಯಿಯನ್ನು ಮಾತ್ರ ಒಳಗೆ ಬಿಟ್ಟುಕೊಂಡದ್ದರ ಫಲವಿದು. ಜನಪದರು ಇವೆರಡನ್ನೂ ಒಂದೇ ಅಂಗಳದಲ್ಲಿ ಇಟ್ಟುಕೊಂಡಿದ್ದರು.

ಕತೆ ಹೇಳಿದ ಶಿಡ್ಲಘಟ್ಟದ ಕಡೆಯ ಆ ಅಜ್ಜಿಯ ಮನೆಗೆ 2023ರಲ್ಲಿ ಮತ್ತೆ ಹೋಗಿದ್ದೆ. ನೂಲು ಬಿಚ್ಚುವ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಬೆರಳ ತುದಿಗಳು ಬಿಸಿನೀರಿಗೆ ಬೆಂದು ಬೆಂದು ಬೆಳ್ಳಗೇ ಉಳಿದಿದ್ದವು. ಮೊಮ್ಮಗ ಟಿ.ವಿ.ಯಲ್ಲಿ ತೆಲುಗಿನ ‘ಚಾರ್ಲಿ’ ಹಾಕಿದ. ಅಜ್ಜಿ ನಡುನಡುವೆ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿ ಬಂದರು. ಗುಜರಾತು, ರಾಜಸ್ಥಾನ, ಬೆಟ್ಟಗುಡ್ಡ ಯಾವುದೂ ಅವರನ್ನು ಹಿಡಿದು ನಿಲ್ಲಿಸಲಿಲ್ಲ. ಬಾಗಿಲಿನ ದೃಶ್ಯಗಳಲ್ಲಿ ಮಾತ್ರ ‘ಒಳೀಕ್ ಕರ್ಕೊಳೋ, ಪಾಪ’ ಎಂದು ಧರ್ಮನನ್ನು ಗದರಿದರು. ಕೊನೆಯಲ್ಲಿ ನಾಯಿ ಸತ್ತಾಗ ಮೊಮ್ಮಗ ಮುಖ ತಿರುಗಿಸಿಕೊಂಡ; ಅವರು ಅಳಲಿಲ್ಲ. ‘ಅದ್ರ ರುಣ ತೀರೋಯ್ತು ಬಿಡಪ್ಪ’ ಎಂದರು. ನಿಮ್ಮ ಕತೆಯ ಹಾಗೆಯೇ ಇದೆಯಲ್ಲವೇ ಅಜ್ಜಿ, ಬಂಗಾರದ ಬದಲು ಮರಿ, ಎಂದೆ. ಅವರು ಸ್ವಲ್ಪ ಹೊತ್ತು ಪರದೆಯ ಕಡೆ ನೋಡಿದರು. ಹೆಸರುಗಳು ಮೇಲಕ್ಕೆ ಹರಿಯತೊಡಗಿದ್ದವು.

‘ಮರಿ ಹೆಣ್ಣೋ ಗಂಡೋ?’ ಎಂದು ಕೇಳಿದರು. ಗಮನಿಸಲಿಲ್ಲ ಎಂದೆ. ‘ಅದ್ನೇ ನೋಡ್ಲಿಲ್ಲವಾ ನೀನು’ ಎಂದು, ಮೊಮ್ಮಗನಿಗೆ ಹಿಂದಕ್ಕೆ ಹಾಕಿ ತೋರಿಸಲು ಹೇಳಿದರು.